ನಿವೃತ್ತಿಯೂ ಕಾಯಕವೂ

ಕಾಯದಿಂದ ಮಾಡತಕ್ಕದ್ದು ಕಾಯಕವೆಂಬುದು ಆ ಶಬ್ದದ ಮೊದಲ ಅರ್ಥ. ಶಿವಶರಣರು ಅದಕ್ಕೆ ಇನ್ನೆರಡು ನಿಯಮಗಳನ್ನು ಕೂಡಿಸಿದರು. ಅದು ಸತ್ಯಶುದ್ಧವಾಗಿರಬೇಕು, ಅದರಿಂದ ಬಂದುದು ದಾಸೋಹಕ್ಕೆ ಸಲ್ಲಬೇಕು. ಇಂತಿಷ್ಟು ವಯಸ್ಸಿಗೆ ಕಾಯಕವು ಮುಗಿಯಿತೆಂಬ ವಿಧಿಯನ್ನು ಅವರು ಮಾಡಿದಂತೆ ಕಾಣದು.

ಇಂದು ರಾಜ್ಯ ಸರಕಾರದ ನೌಕರನು 60ನೆಯ ವಯಸ್ಸಿಗೆ ನಿವೃತ್ತನಾಗುತ್ತಾನೆ. ರೋಣ, ನರಗುಂದ, ಗಜೇಂದ್ರಗಡಗಳ ಯಾವ ಗುಡಿಯ ಕಟ್ಟೆಯನ್ನು ನೋಡಿದರೂ ಲೆಕ್ಕ ಬಲ್ಲ ಗುಮಾಸ್ತರು, ಪಾಠ ಬಲ್ಲ ಶಿಕ್ಷಕರು ಸುಮ್ಮನೆ ಕುಳಿತಿರುವುದು ಕಾಣುತ್ತದೆ. ಅದೇ ಕಟ್ಟೆಯ ಇನ್ನೊಂದು ಮೂಲೆಯಲ್ಲಿ ಪದವಿ ಪಡೆದೂ ಉದ್ಯೋಗವಿಲ್ಲದ ತರುಣರು. ತಾವು ಒಬ್ಬರಿಗೊಬ್ಬರು ಬೇಕಾದವರೆಂಬುದನ್ನು ಈ ಇಬ್ಬರೂ ಮರೆತಿರುವುದೇ ನಮ್ಮ ಊರುಗಳ ದೊಡ್ಡ ನಷ್ಟ.

ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ತಂದಲ್ಲಿಯೇ ಸುರಿದು ಬರಹೇಳಿದಳು. ಈ ಪ್ರಸಂಗವನ್ನು ಧಾನ್ಯಕ್ಕೆ ಮಾತ್ರ ಅನ್ವಯಿಸಿದರೆ ಸಾಲದು. ಮೂವತ್ತು ವರುಷ ಗಳಿಸಿದ ಅನುಭವವನ್ನು ಯಾರಿಗೂ ಕೊಡದೆ ತನ್ನೊಡನೆಯೇ ಒಯ್ಯುವುದೂ ಒಂದು ಬಗೆಯ ಸಂಚಯವೇ ಅಲ್ಲವೇ?

ಗಜೇಂದ್ರಗಡವು ಕೈಮಗ್ಗಕ್ಕೆ ಹೆಸರಾದ ಊರು. ಕಣ್ಣು ಮಂದವಾದ ನೇಕಾರನು ಮಗ್ಗದಿಂದೇಳಬಹುದು; ಆದರೆ ಹಾಸು ಹೊಕ್ಕುಗಳ ಲೆಕ್ಕ, ಅಂಚು ಸೆರಗುಗಳ ಜೋಡಣೆ ಅವನ ಬೆರಳುಗಳಲ್ಲಿ ಇನ್ನೂ ಇರುತ್ತವೆ. ಜೇಡರ ದಾಸಿಮಯ್ಯನ ಆ ವಿದ್ಯೆ ಪುಸ್ತಕದಲ್ಲಿಲ್ಲ, ಕೈಯಿಂದ ಕೈಗೆ ದಾಟಬೇಕು. ರೋಣದ ಎರೆಹೊಲದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಗಾರಿ ಜೋಳದ ಹದವನ್ನು ಹೇಳಬಲ್ಲ ಮುದುಕನ ಅರಿವೂ ಹಾಗೆಯೇ.

ಇಲ್ಲಿ ಒಂದು ಎಚ್ಚರವು ಅವಶ್ಯ. ಸೇವೆಯೆಂಬ ಹೆಸರಿನಿಂದ ನಿರುದ್ಯೋಗಿಯನ್ನು ಕೂಲಿಯಿಲ್ಲದೆ ದುಡಿಸುವುದು ದಾಸೋಹವಲ್ಲ. ನುಲಿಯ ಚಂದಯ್ಯನು ಹುಲ್ಲಿನಿಂದ ಹಗ್ಗವನ್ನು ಹೊಸೆದು ಮಾರಿ, ಬಂದ ಹಣದಿಂದ ಜಂಗಮ ದಾಸೋಹವನ್ನು ನಡೆಯಿಸಿದನು. ಮೊದಲು ಪ್ರತಿಫಲ, ಆ ಮೇಲೆ ದಾಸೋಹ. ಪಿಂಚಣಿಯುಳ್ಳವನು ತನ್ನ ವಿದ್ಯೆಯನ್ನು ದಾಸೋಹವಾಗಿ ಕೊಡಬಹುದು. ಹಸಿದ ತರುಣನಿಗೆ ಮಾತ್ರ ದುಡಿಮೆಯ ಬೆಲೆ ಸಲ್ಲಲೇಬೇಕು. 2024ರಲ್ಲಿ ಆರಂಭವಾದ ಯುವನಿಧಿಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಅದೂ ಎರಡು ವರ್ಷಗಳ ಮಿತಿಯಲ್ಲಿ. ಅದು ಊರುಗೋಲು, ಕಾಯಕವಲ್ಲ.

ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರಿ ಸಂಘವು ಹುಟ್ಟಿತು. ಅಲ್ಲಿ ಹಲವರ ಅಲ್ಪ ಹಣ ಒಂದೆಡೆ ಕೂಡಿ ಎಲ್ಲರಿಗೂ ಬಲವಾಯಿತು. ಹಣವು ಹಾಗೆ ಕೂಡಬಹುದಾದರೆ ವಿದ್ಯೆಯೇಕೆ ಕೂಡಬಾರದು? ಪ್ರತಿಯೊಂದು ಊರಿನ ಮಠದಲ್ಲಿ ಒಂದು ವಹಿಯಿರಲಿ. ಎಡದ ಪುಟದಲ್ಲಿ ಹಿರಿಯರು ಬಲ್ಲ ವಿದ್ಯೆ, ಬಲದ ಪುಟದಲ್ಲಿ ಕಲಿಯಬಯಸುವವರ ಹೆಸರು. ಸೋಮವಾರದ ಪೂಜೆಗೆ ಬಂದವರು ಅದನ್ನು ನೋಡಿ ಕೂಡಿಕೊಳ್ಳಲಿ. ಕಲಿತವನಿಗೆ ಕೆಲಸ ಕೊಡುವ ಹೊಣೆಯನ್ನು ಊರಿನ ವರ್ತಕರೂ ಒಕ್ಕಲಿಗರೂ ಹೊರಲಿ.

ನೌಕರಿಗೆ ನಿವೃತ್ತಿಯುಂಟು, ಕಾಯಕಕ್ಕಿಲ್ಲ. ಇದನ್ನರಿತು ನಡೆಯುವ ಮನೆಯಲ್ಲಿ ಮುಪ್ಪು ಹೊರೆಯಾಗದು, ತಾರುಣ್ಯವು ಬರಿದಾಗದು.