ಅಡಿಕೆ ಬೇಯಿಸುವವರಿಗೆ ಲೆಕ್ಕದ ಪಾಠ: ಹಂತ ಹಂತವಾಗಿ

ಸೊರಬ, ಶಿಕಾರಿಪುರದ ಕಡೆ ಚೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿದು ಅಡಿಕೆ ಬೇಯಿಸುವವರ ಅಂಗಳವೂ ಒಂದು ಕಾರ್ಖಾನೆಯೇ. ಹಸಿ ಅಡಿಕೆ ಬರುತ್ತದೆ. ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆಯಾಗಿ ಮಂಡಿಗೆ ಹೋಗುತ್ತದೆ. ಕಾಯಿಗೆ, ಕೂಲಿಗೆ ಕೊಟ್ಟ ದುಡ್ಡನ್ನು ಎಲ್ಲರೂ ಬರೆದಿಡುತ್ತಾರೆ. ಸೌದೆಯನ್ನು ಬರೆಯುವವರು ಕಡಿಮೆ.

ಸೊರಬ ತಾಲೂಕಿನ ಕ್ಯಾಸನೂರಿನ ಸುತ್ತ ಸೌದೆಗೆ ದುಡ್ಡಿಗಿಂತ ದೊಡ್ಡ ಬೆಲೆಯಿದೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತಾಗ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಸೌದೆ, ಸೊಪ್ಪು, ದರಗಿಗೆಂದು ಕಾಡು ಹೊಕ್ಕವರಿಗೇ ಅಪಾಯ ಹೆಚ್ಚು. ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಅಡಿಕೆ ಸುಗ್ಗಿಯ ಒಲೆಗಳು ಉರಿಯುವ ದಿನಗಳಲ್ಲೂ ಒಂದಷ್ಟು ಆ ಹೊತ್ತಿಗೇ ಬೀಳುತ್ತವೆ. ಆದ್ದರಿಂದ ಹೊಸದಾಗಿ ಈ ಕಸುಬಿಗೆ ಇಳಿಯುವವರು ಮೂರು ಸಾಮಾನು ಮೊದಲು ಹೊಂದಿಸಿಕೊಳ್ಳಿ: ತೂಕದ ಯಂತ್ರ, ಉದ್ದನೆಯ ನೋಟ್‌ಬುಕ್ಕು, ಸೌದೆಗೊಂದು ಮಾಡು.

ಹಂತ 1: ಬಂದ ಕಾಯಿಗೆ ನಂಬರು ಕೊಡಿ. ಪ್ರತಿ ಲೋಡಿಗೂ ತಾರೀಖು, ತೋಟ, ತೂಕ, ದರ, ಕೊಟ್ಟ ಮುಂಗಡ ಬರೆಯಿರಿ. ಅದೇ ನಂಬರಿನ ಚೀಟಿ ಹಂಡೆಯಿಂದ ಒಣಗಿಸುವ ತಟ್ಟಿಯವರೆಗೂ ಅಡಿಕೆಯ ಜೊತೆಗಿರಲಿ. ಯಾವ ತೋಟದ ಕಾಯಿ ಲಾಭ ತಂದಿತು ಎಂಬುದು ಮುಂದಿನ ವರ್ಷ ಚೇಣಿ ಮಾತಾಡುವಾಗ ನೆರವಿಗೆ ಬರುತ್ತದೆ.

ಹಂತ 2: ಕೊಯ್ಲಿನ ಸರದಿ ಗೊತ್ತುಮಾಡಿ. ನಿಮ್ಮ ಸುಲಿತದ ಯಂತ್ರ ದಿನಕ್ಕೆ ಎಷ್ಟು ಸುಲಿಯುತ್ತದೋ ಅಷ್ಟೇ ಕಾಯಿ ಬರುವಂತೆ ತೋಟದವರೊಂದಿಗೆ, ಕೊಯ್ಲಿನವರೊಂದಿಗೆ ಮೊದಲೇ ಮಾತಾಡಿ. ರಾಶಿ ಬಿದ್ದ ಹಸಿ ಕಾಯಿ ಬಿಸಿಯೇರಿ ಕೆಡುತ್ತದೆ. ಮರದಲ್ಲೇ ಹಣ್ಣಾದರೆ ಗೋಟಾಗುತ್ತದೆ, ಬೇಯಿಸಲು ಬರುವುದಿಲ್ಲ.

ಹಂತ 3: ಸೌದೆ ತೂಗಿ. ಬೆಳಿಗ್ಗೆ ಒಲೆಯ ಬಳಿ ತೂಗಿಟ್ಟ ಸೌದೆಯಲ್ಲಿ ಸಂಜೆ ಉಳಿದದ್ದನ್ನು ಕಳೆಯಿರಿ. ಅದನ್ನು ಅಂದು ಬೇಯಿಸಿದ ಅಡಿಕೆಯ ತೂಕದಿಂದ ಭಾಗಿಸಿದರೆ ಕೆ.ಜಿ. ಅಡಿಕೆಗೆ ಎಷ್ಟು ಸೌದೆ ಎಂಬ ಲೆಕ್ಕ ಸಿಗುತ್ತದೆ. ಸ್ವಂತ ಜಮೀನಿನ ಸೌದೆಯಾದರೂ ಊರಿನ ದರ ಹಾಕಿ ಖರ್ಚಿಗೆ ಸೇರಿಸಿ.

ಹಂತ 4: ಒಲೆ ಸುಧಾರಿಸಿ. ಮೂರು ಕಡೆ ಕಲ್ಲಿಟ್ಟ ತೆರೆದ ಒಲೆಯಲ್ಲಿ ಬೆಂಕಿಯ ಬಹುಪಾಲು ಗಾಳಿಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ರೂಪಿಸಿದ ಅಸ್ತ್ರ ಒಲೆ ಇದಕ್ಕೇ ದಾರಿ ತೋರಿಸಿತು: ಉರಿಯ ಗೂಡು ಮುಚ್ಚಿರಬೇಕು, ಕೆಳಗೆ ಗಾಳಿಯಾಡುವ ಕಬ್ಬಿಣದ ಜಾಲರಿ ಇರಬೇಕು, ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು, ಹೊಗೆಗೆ ಕೊಳವೆ ಬೇಕು. ಹಂಡೆಗೆ ಮುಚ್ಚಳ ಹಾಕಿ. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಬಿಸಿಯಿರುವಾಗಲೇ ಮುಂದಿನ ಕಂತು ಸುರಿಯಿರಿ. ಹಸಿ ಸೌದೆಯ ಶಾಖದ ಒಂದು ಪಾಲು ತನ್ನೊಳಗಿನ ನೀರು ಆರಿಸುವುದರಲ್ಲೇ ಖರ್ಚಾಗುತ್ತದೆ. ಬೇಸಿಗೆಯಲ್ಲಿ ಒಣಗಿಸಿ, ಮಳೆಗಾಲದಲ್ಲಿ ಮಾಡಿನಡಿ ಕಾಪಾಡಿದ ಸೌದೆಯನ್ನೇ ಉರಿಸಿ. ಒಣಗಿದ ಅಡಿಕೆ ಸಿಪ್ಪೆಯೂ ಉರುವಲೇ.

ಹಂತ 5: ಅಸಲು ಕಟ್ಟಿ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಸುಮಾರು 12ರಿಂದ 14 ಕೆ.ಜಿ. ಕೆಂಪಡಿಕೆ ಸಿಗುತ್ತದೆ. ಉದಾಹರಣೆಗೆ 10 ಕ್ವಿಂಟಲ್ ಕಾಯಿಗೆ ಕಾಯಿಯ ಬೆಲೆ, ಸುಲಿತ, ಸೌದೆ, ಕರೆಂಟು, ಸಾಗಣೆ ಎಲ್ಲ ಸೇರಿ ₹65,000 ಬಿದ್ದಿತೆನ್ನಿ. 130 ಕೆ.ಜಿ. ಬಂದರೆ ಕ್ವಿಂಟಲ್‌ಗೆ ಅಸಲು ₹50,000. 120 ಬಂದರೆ ₹54,000 ದಾಟುತ್ತದೆ. ಇಳುವರಿ ಇಳಿದಾಗ ನಂಬರಿನ ಚೀಟಿ ಹಿಡಿದು ಹಿಂದಕ್ಕೆ ಹೋಗಿ: ಕಾಯಿ ತೀರಾ ಎಳೆಯದಿತ್ತೇ, ಸುಲಿಯುವಾಗ ಪುಡಿಯಾಯಿತೇ, ತೂಕದಲ್ಲೇ ತಪ್ಪಿತೇ?

ಹಂತ 6: ಮಾರುವ ಮುನ್ನ ವಿಂಗಡಿಸಿ. ರಾಶಿ, ಬೆಟ್ಟೆ, ಗೊರಬಲು ದರ್ಜೆಗಳನ್ನು ಬೇರೆಬೇರೆಯಾಗಿ ತೂಗಿ ಬರೆಯಿರಿ. ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘ ಮಾಮ್ಕೋಸ್‌ಗೆ ಹಾಕಿದರೂ ಎಪಿಎಂಸಿಗೆ ಒಯ್ದರೂ ಮಾಲು ಹೋದ ದಿನ, ಹಣ ಬಂದ ದಿನ ಎರಡನ್ನೂ ನಮೂದಿಸಿ. ನಡುವಿನ ದಿನಗಳ ಬಡ್ಡಿಯೂ ಖರ್ಚೇ.

ಸುಗ್ಗಿ ಮುಗಿದ ಮೇಲೆ ಸೌದೆಯ ಒಟ್ಟು ತೂಕ ಕೂಡಿ, ಮುಂದಿನ ಸಲಕ್ಕೆ ಅದಕ್ಕಿಂತ ಕಡಿಮೆ ಅಂಕಿಯೊಂದನ್ನು ಗುರಿಯಾಗಿ ಬರೆದಿಡಿ. ಆ ಅಂಕಿ ಇಳಿದಷ್ಟೂ ಕಾಡಿಗೆ ಹೋಗಬೇಕಾದ ಆಳುಗಳ ಸಂಖ್ಯೆಯೂ ಇಳಿಯುತ್ತದೆ.