ಮಾಡಿನ ದುರಸ್ತಿ: ಸ್ವಂತ ಕೈ, ದಿನಗೂಲಿ, ಗುತ್ತಿಗೆ

ಹಾವೇರಿ ಜಿಲ್ಲೆಯ ದುಂಡಸಿ ಸುತ್ತಿನ ಊರುಗಳಲ್ಲಿ ಮನೆಯ ಮಾಡಿನ ಕಡೆಗೆ ಕಣ್ಣು ಹೊರಳುವುದು ಸಾಮಾನ್ಯವಾಗಿ ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ. ಜೂನ್ ಮೊದಲ ವಾರದಲ್ಲಿ ಮಿರಗ, ಎಂದರೆ ಮೃಗಶಿರಾ ಮಳೆ, ಕೂಡುವುದರೊಳಗೆ ಹಂಚು ಕೈಯಾಡಿಸುವ, ಎಂದರೆ ಹಂಚುಗಳನ್ನು ತೆಗೆದು ಕಸ ಗುಡಿಸಿ, ಒಡೆದವನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸ ಮುಗಿಯಬೇಕಾಗಿರುವುದರಿಂದ ಗೌಂಡಿಗಳಿಗೂ ಬಡಿಗರಿಗೂ ಏಕಕಾಲಕ್ಕೆ ಹತ್ತು ಕಡೆಯಿಂದ ಕರೆ ಬರುತ್ತದೆ, ಕೂಲಿಯ ದರವೂ ಏರುತ್ತದೆ. ಆಗ ಮನೆಯವರೇ ಏಣಿ ಹತ್ತುವುದು ಉಳಿತಾಯವೆಂದು ಕಂಡರೂ, ಅದೇ ದಿನಗಳಲ್ಲಿ ಹಾನಗಲ್ಲ, ಶಿಗ್ಗಾವಿ ಭಾಗದ ಹೊಲಗಳಲ್ಲಿ ಭತ್ತದ ಕೂರಿಗೆ ಬಿತ್ತನೆ ನಡೆಯುವುದರಿಂದ, ಮಾಡಿನ ಮೇಲೆ ಕಳೆದ ದಿನಕ್ಕೆ ಪ್ರತಿಯಾಗಿ ಹೊಲಕ್ಕೆ ಆಳು ಹಿಡಿಯಬೇಕಾಗುತ್ತದೆ. ಸ್ವಂತ ದುಡಿಮೆಗೆ ಕೂಲಿ ಬರೆಯದ ಲೆಕ್ಕ ಅರ್ಧ ಲೆಕ್ಕವೇ ಸರಿ. ಅದೇ ಕೆಲಸವನ್ನು ಸುಗ್ಗಿ ಮುಗಿದ ಮೇಲೆ, ಯುಗಾದಿಗೆ ಮುನ್ನವೇ ಹಮ್ಮಿಕೊಂಡರೆ ಆಳು ಸಿಗುವುದೂ ಸುಲಭ, ಚೌಕಾಶಿಗೂ ಎಡೆಯಿರುತ್ತದೆ.

ಸ್ವಂತ ಕೈಯಿಂದಲೇ ಮಾಡಬೇಕಾದ ಕೆಲಸವೊಂದಿದ್ದರೆ ಅದು ದೋಣಿಯದು. ಸೂರಿನ ಅಂಚಿಗೆ ಕಟ್ಟಿ ಮಾಡಿನ ನೀರನ್ನು ಒಂದು ಮೂಲೆಗೆ ಒಯ್ಯುವ ತಗಡಿನ ಅಥವಾ ಪಿವಿಸಿಯ ಕಾಲುವೆಗೆ ಇಲ್ಲಿ ದೋಣಿ ಎನ್ನಲಾಗಿದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ ಎಂಬ ಅಳತೆಯನ್ನು ಹಿಡಿದರೆ, 30 ಅಡಿ ಉದ್ದ, 24 ಅಡಿ ಅಗಲದ ಜಾಗವನ್ನು ಮುಚ್ಚುವ ಮಾಡು ಸುಮಾರು 67 ಚದರ ಮೀಟರ್ ಆಗುವುದರಿಂದ, 50 ಮಿಲಿಮೀಟರಿನ ಒಂದು ಜೋರು ಮಳೆಗೆ ಅದರಿಂದ 3,300 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಸಾಗವಾನಿಯ ಒಂದೆರಡು ಎಲೆ ಬಾಯಿಗೆ ಅಡ್ಡ ಬಿದ್ದು ದೋಣಿ ಕಟ್ಟಿಕೊಂಡರೆ ಈ ನೀರೆಲ್ಲ ಗೋಡೆಯ ಬುಡಕ್ಕೆ ಸುರಿಯುತ್ತದೆ. ಗೋಡೆ ಮಣ್ಣಿನದಾಗಿದ್ದರೆ ಮುಂದಿನ ಖರ್ಚು ದೋಣಿಯದಾಗಿ ಉಳಿಯದೆ ಗೋಡೆಯದಾಗುತ್ತದೆ. ಏಣಿಯ ಮೇಲೆ ನಿಂತು, ಮಾಡಿಗೆ ಕಾಲಿಡದೆ, ಕೈಯಿಂದಲೇ ತೆಗೆಯಬಹುದಾದ ಈ ಕಸಕ್ಕೆ ಗುತ್ತಿಗೆದಾರನನ್ನು ಕರೆಯುವುದು ದುಂದುವೆಚ್ಚ. ಆದರೆ ಹೊಸ ದೋಣಿ ಕೂಡಿಸುವಾಗ 10 ಅಡಿಗೆ ಅರ್ಧ ಅಂಗುಲದಷ್ಟು ಇಳಿಜಾರು ಬೇಕಾಗುತ್ತದೆ. ಕೊನೆಯ ಕಂತಿನ ಹಣ ಕೊಡುವ ಮುನ್ನ ಮೇಲಿನ ತುದಿಯಿಂದ ಒಂದು ಕೊಡ ನೀರು ಹೊಯ್ದು, ನಡುವೆ ಎಲ್ಲಿಯಾದರೂ ನಿಲ್ಲುತ್ತದೆಯೇ ಎಂದು ನೋಡುವ ಪದ್ಧತಿಯನ್ನು ಯಾವ ಗುತ್ತಿಗೆದಾರನೂ ಇಷ್ಟಪಡುವುದಿಲ್ಲ. ಬಿಡಬಾರದ ಪದ್ಧತಿ ಅದು.

ಮಂಗಳೂರು ಹಂಚಿನ ಮಾತು ಬೇರೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹರಡಿದ ಈ ಹಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ. ಮೊಳೆ, ಗಾರೆಗಳಿಲ್ಲದೆ ರೀಪಿನ ಮೇಲೆ, ಎಂದರೆ ಅಡ್ಡಲಾಗಿ ಬಡಿದ ಮರದ ಪಟ್ಟಿಯ ಮೇಲೆ ನಿಲ್ಲುವುದರಿಂದ, ಮಂಗ ಕುಪ್ಪಳಿಸಿ ಒಡೆದ ಒಂದೇ ಹಂಚನ್ನು ಕೆಳಗಿನಿಂದಲೇ ಮೇಲಕ್ಕೆತ್ತಿ ಬದಲಿಸಬಹುದು. ಅಟ್ಟವಿರುವ ಮನೆಯಲ್ಲಿ ಇದು ಮನೆಯವರದೇ ಕೆಲಸ. ಇಡೀ ಮಾಡನ್ನು ಕೈಯಾಡಿಸುವುದಾದರೆ ಹಾಗಲ್ಲ. ಗೆದ್ದಲು ತಿಂದ ರೀಪು ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತದೆ, ಕಾಲಿಟ್ಟಾಗಲೇ ಅದರ ನಿಜಸ್ಥಿತಿ ತಿಳಿಯುವುದು. ಎಷ್ಟು ರೀಪು ಕೆಟ್ಟಿದೆ, ಎಷ್ಟು ಹಂಚು ಒಡೆದಿದೆ ಎಂಬುದು ಮೊದಲೇ ಗೊತ್ತಾಗದ ಇಂಥ ಕೆಲಸಕ್ಕೆ ಒಟ್ಟು ಗುತ್ತಿಗೆ ಕೊಟ್ಟರೆ, ಗುತ್ತಿಗೆದಾರನು ತನಗೆ ಗೊತ್ತಿಲ್ಲದ ನಷ್ಟಕ್ಕೂ ಬೆಲೆ ಸೇರಿಸಿ ಹೇಳುತ್ತಾನೆ, ಇಲ್ಲವೇ ಕೆಟ್ಟ ರೀಪನ್ನು ಹಾಗೆಯೇ ಮುಚ್ಚಿ ಹೋಗುತ್ತಾನೆ. ಹೀಗಾಗಿ ಹಳೆಯದರ ದುರಸ್ತಿಗೆ ದಿನಗೂಲಿಯೂ, ಅಳತೆ ನಿಶ್ಚಿತವಾಗಿರುವ ಹೊಸ ಹೊದಿಕೆಗೆ ಚದರಡಿ ಲೆಕ್ಕದ ಗುತ್ತಿಗೆಯೂ ಒಗ್ಗುತ್ತವೆ. ಎರಡರಲ್ಲೂ ಸಾಮಾನನ್ನು ಮನೆಯವರೇ ಕೊಂಡು ಕೊಡುವುದು ಲೇಸು.

ಚದರಡಿ ಗುತ್ತಿಗೆಗೂ ಕಾವಲು ಬೇಕೆಂಬುದಕ್ಕೆ ಈ ಅಂಕಣಕಾರನ ಮನೆಯ ಹಿತ್ತಲ ಕಡೆಯ ತಗಡಿನ ಮಾಡೇ ಸಾಕ್ಷಿ. ಅಲೆಅಲೆಯಾದ ತಗಡಿನಲ್ಲಿ ನೀರು ಹರಿಯುವುದು ತಗ್ಗಿನಲ್ಲಿ, ಸ್ಕ್ರೂ ಕೂರಬೇಕಾದದ್ದು ಉಬ್ಬಿನ ಮೇಲೆ. ಆದರೆ ತಗ್ಗಿನಲ್ಲಿ ತಗಡು ಕೆಳಗಿನ ಪಟ್ಟಿಗೆ ನೇರವಾಗಿ ತಾಗುವುದರಿಂದ ಅಲ್ಲಿ ಸ್ಕ್ರೂ ಬಿಗಿಯುವುದು ಬೇಗ ಮುಗಿಯುತ್ತದೆ, ಚದರಡಿಗೆ ಹಣ ಎಣಿಸುವವನಿಗೆ ಬೇಗ ಮುಗಿಯುವುದೇ ಲಾಭ. ತಗ್ಗಿನಲ್ಲಿ ಬಿಗಿದ ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಬಿರಿತು, ಪ್ರತಿ ಸ್ಕ್ರೂವಿನ ಸುತ್ತಲೂ ತುಕ್ಕಿನ ಕೆಂಪು ಉಂಗುರ ಮೂಡಿತು, ಅದರ ಕೆಳಗೇ ಹನಿ ಬೀಳತೊಡಗಿತು. ಆ ಹೊತ್ತಿಗೆ ಗುತ್ತಿಗೆದಾರನ ಫೋನು ಸ್ವಿಚ್ ಆಫ್ ಆಗಿತ್ತು. ದಿನಗೂಲಿಗೆ ಬಂದ ಬಡಿಗನೊಬ್ಬ ಹಳೆಯ ತೂತುಗಳಿಗೆ ಸೀಲಂಟ್ ತುಂಬಿ, ಉಬ್ಬಿನ ಮೇಲೆ ಹೊಸ ಸ್ಕ್ರೂ ಹಾಕಿದ ಮೇಲೆ ಸೋರಿಕೆ ನಿಂತಿತು.

ಗುತ್ತಿಗೆದಾರನು ಕೊಡುವ ಚೀಟಿಯಲ್ಲಿ ಶೇ 18ರ ಜಿಎಸ್‌ಟಿ ಕಂಡರೆ ನೋಂದಣಿ ಸಂಖ್ಯೆಯನ್ನು ಕೇಳಬೇಕು. ನೋಂದಣಿಯಿಲ್ಲದವನಿಗೆ ಆ ತೆರಿಗೆಯನ್ನು ವಸೂಲು ಮಾಡುವ ಅಧಿಕಾರವಿಲ್ಲ.

ಸವಣೂರಿನ ಕಡೆಗೆ, ಬಯಲುಸೀಮೆಯತ್ತ ಹೋದಂತೆ ಕಾಣುವ ಮೇಲ್ಮುದ್ದೆಯ ಮನೆಗಳಲ್ಲಿ, ಎಂದರೆ ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆಗಳಲ್ಲಿ, ಸೋರಿದಾಗಲೆಲ್ಲ ಮೇಲೊಂದು ಪದರ ಮಣ್ಣು ಹಾಕುವುದೇ ಅತಿ ಅಗ್ಗದ ದುರಸ್ತಿ. ಅದು ಅಗ್ಗವಷ್ಟೇ. 10 ಅಡಿ ಉದ್ದಗಲದ ಕೋಣೆಯ ಮೇಲೆ ಒಂದೇ ಅಂಗುಲ ಮಣ್ಣು ಹಾಕಿದರೂ, ಅದು ನೆನೆದಾಗ 400 ಕಿಲೋ ಮೀರಿದ ಭಾರ ಜಂತಿಗಳ ಮೇಲೆ ಬೀಳುತ್ತದೆ. 2024ರ ಜುಲೈ ಮಳೆಯಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮನೆಯ ಛಾವಣಿ ಕುಸಿದು ಮೂವರು ಸತ್ತರು. ಜಂತಿ ಬಾಗಿದ ಮಾಳಿಗೆಗೆ ಮಣ್ಣು ಹೊರುವ ಮೊದಲು ಅನುಭವಿ ಗೌಂಡಿಯನ್ನೋ ಎಂಜಿನಿಯರನ್ನೋ ಕರೆದು ತೋರಿಸುವುದಕ್ಕೆ ತಗಲುವ ಹಣವನ್ನು ಯಾವ ಲೆಕ್ಕದಲ್ಲೂ ಉಳಿಸಬಾರದು.

ಮನೆಯವರು ಹತ್ತಲಿ, ಕೂಲಿಯವರು ಹತ್ತಲಿ, ಬಿದ್ದರೆ ಆಗುವ ನಷ್ಟ ಯಾವ ಅಂದಾಜು ಪಟ್ಟಿಯಲ್ಲೂ ಇರುವುದಿಲ್ಲ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯು 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿ ಕಂತಿಗೆ ಅಪಘಾತದ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ ರೂಪಾಯಿ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ಕೊಡುತ್ತದೆ. ಆಸ್ಪತ್ರೆಯ ಬಿಲ್ಲನ್ನು ಅದು ಭರಿಸುವುದಿಲ್ಲ. ಇದರ ವರ್ಷ ಜೂನ್ 1ಕ್ಕೆ ಆರಂಭವಾಗಿ ಮೇ 31ಕ್ಕೆ ಮುಗಿಯುತ್ತದೆ, ಅಂದರೆ ಊರವರು ಮಾಡು ಹತ್ತುವ ದಿನಗಳಲ್ಲೇ ಹಳೆಯ ವಿಮೆಯ ಅವಧಿ ತೀರುತ್ತದೆ. ಆದ್ದರಿಂದ ಏಣಿ ಹಚ್ಚುವ ಮೊದಲು ಬ್ಯಾಂಕಿನ ಖಾತೆಯಲ್ಲಿ ಆ 20 ರೂಪಾಯಿ ಇದೆಯೇ, ಹಿಂದಿನ ಕಂತು ಕಡಿತವಾಗಿದೆಯೇ ಎಂದು ಮನೆಯವರೂ ಕೂಲಿಗೆ ಬಂದವರೂ ಪಾಸ್‌ಬುಕ್ ತೆಗೆದು ನೋಡಿಕೊಳ್ಳಬೇಕು.