ನಗು ಬಾರದ ದಿನದ ಸ್ತೋತ್ರ

ಪ್ರೀತಿಯ ಮಗಾ,

ಮೊದಲು ನಿನ್ನ ಅಜ್ಜಿಯ ಕಡೆಯಿಂದ ಒಂದು ಗದರಿಕೆ: ರಾತ್ರಿ ಡ್ಯೂಟಿ ಮುಗಿಸಿ ಬಂದವಳು ಬರೀ ಚಹಾ ಕುಡಿದು ಮಲಗುತ್ತೀಯಂತೆ. ಒಂದು ಬಟ್ಟಲು ಗಂಜಿಯಾದರೂ ಉಣ್ಣಬೇಕಂತೆ. ಹೇಳಬೇಕಾದ್ದನ್ನು ಹೇಳಿಯಾಯಿತು, ಇನ್ನು ನನ್ನ ಪತ್ರ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ನೀನು ನೋಡಿಕೊಳ್ಳುತ್ತಿದ್ದ ಆ ಹುಡುಗ ಬೆಳಗಿನ ಜಾವ ತೀರಿಕೊಂಡದ್ದು, ಅವನ ತಾಯಿ ನಿನ್ನ ಕೈ ಬಿಡದೆ ಹಿಡಿದುಕೊಂಡದ್ದು, ಮರುದಿನ ಯುವಜನರ ಕೂಟದಲ್ಲಿ ಯಾರೋ ವೇದಿಕೆಯಿಂದ 'ಬಾಡಿದ ಮುಖ ಅವಿಶ್ವಾಸದ ಗುರುತು' ಅಂದದ್ದು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದಾಗ ನೀನೂ ತಟ್ಟಿದೆಯಂತೆ, ಆಮೇಲೆ ಹಾಸ್ಟೆಲಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆಯಂತೆ. 'ಅಜ್ಜ, ನನ್ನ ವಿಶ್ವಾಸ ಕಡಿಮೆಯಾಯಿತಾ? ಪೌಲನೇ ಯಾವಾಗಲೂ ಸಂತೋಷವಾಗಿರಿ ಅಂತ ಬರೆದಿದ್ದಾನಲ್ಲ' ಎಂದು ಕೇಳಿದ್ದೀ.

ಇಲ್ಲ ಮಗಾ, ಕಡಿಮೆಯಾಗಿಲ್ಲ. ಸತ್ತ ಮಗುವಿಗಾಗಿ ಅಳದಿದ್ದರೆ ನನಗೆ ಹೆದರಿಕೆಯಾಗುತ್ತಿತ್ತು. ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸು ಕೂಡ ಅವನ ಸಮಾಧಿಯ ಹತ್ತಿರ ಕಣ್ಣೀರು ಹಾಕಿದನಲ್ಲ.

ಪೌಲನ ಮಾತು ಎತ್ತಿದ್ದೀಯಲ್ಲ, ಆ ಫಿಲಿಪ್ಪಿಯವರ ಪತ್ರವನ್ನೇ ಒಮ್ಮೆ ಇಡಿಯಾಗಿ ಓದು. ನಾಲ್ಕೇ ಅಧ್ಯಾಯ, ಡ್ಯೂಟಿಗೆ ಹೋಗುವ ಬಸ್ಸಿನಲ್ಲೇ ಮುಗಿದೀತು. ನಾವು ಅದರಿಂದ ಒಂದೊಂದು ವಚನ ಕಿತ್ತು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಆದರೆ ಅದು ಕಾಗದ, ಒಬ್ಬ ಮನುಷ್ಯ ತನಗೆ ಬೇಕಾದವರಿಗೆ ಬರೆದ ಕಾಗದ. ಅವನು ಸೆರೆಯಲ್ಲಿದ್ದಾನೆ, ಕೈಗೆ ಬೇಡಿ ಇದೆ, ಬದುಕುತ್ತೇನೋ ಸಾಯುತ್ತೇನೋ ಗೊತ್ತಿಲ್ಲ. ಫಿಲಿಪ್ಪಿಯ ಸಭೆ ಎಪಫ್ರೊದೀತ ಎಂಬವನ ಕೈಯಲ್ಲಿ ಅವನಿಗೆ ಏನೋ ಸಹಾಯ ಕಳುಹಿಸಿದೆ. ಬಂದ ಎಪಫ್ರೊದೀತ ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ಅವನಿಗೆ ತನ್ನ ಕಾಯಿಲೆಗಿಂತ ದೊಡ್ಡ ಚಿಂತೆ ಏನು ಗೊತ್ತಾ? ಊರಿನವರಿಗೆ ಸುದ್ದಿ ಮುಟ್ಟಿಬಿಟ್ಟಿತಲ್ಲ ಎಂಬುದು. 'ಮನೆಗೆ ಫೋನ್ ಮಾಡಬೇಡಿ ಸಿಸ್ಟರ್, ಅಮ್ಮ ಗಾಬರಿಯಾಗುತ್ತಾರೆ' ಅನ್ನುವ ರೋಗಿಗಳನ್ನು ನೀನು ನೋಡಿರುತ್ತೀ. ಅಂಥವನು ಅವನು.

ಇವನು ಸತ್ತಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಪೌಲ ಬರೆಯುತ್ತಾನೆ. ಅಂದರೆ ಮೊದಲಿನ ದುಃಖವೊಂದು ಆಗಲೇ ಎದೆಯಲ್ಲಿ ಕೂತಿತ್ತು. ಮುಂದೆ ಒಂದು ಕಡೆ ಅಳುತ್ತಲೇ ಹೇಳುತ್ತಿದ್ದೇನೆ ಅನ್ನುತ್ತಾನೆ. ಸಭೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಹೆಂಗಸರು ಮನಸ್ತಾಪ ಮಾಡಿಕೊಂಡಿದ್ದಾರೆ, ಅವರಿಗೆ ಹೆಸರು ಹಿಡಿದು ಬುದ್ಧಿ ಹೇಳುತ್ತಾನೆ. ಆ ಜಗಳದ ಮಾತು ಮುಗಿದು ಎರಡು ಸಾಲು ಆಗುವುದರೊಳಗೆ ಸಂತೋಷಪಡಿರಿ ಎಂಬ ಆ ಪ್ರಸಿದ್ಧ ವಚನ ಬರುತ್ತದೆ! ಬೇಡಿ, ಕಾಯಿಲೆ, ಕಣ್ಣೀರು, ಸಭೆಯ ಜಗಳ, ಇಷ್ಟರ ನಡುವೆ ಕೂತು ಬರೆದ ಮಾತು ಅದು. ಇವನ್ನೆಲ್ಲ ಕತ್ತರಿಸಿ ಹಾಕಿ ಆ ಒಂದೇ ಸಾಲನ್ನು ಮೈಕಿನಲ್ಲಿ ಕೂಗಿದರೆ ಅದು ಸುವಾರ್ತೆಯಾಗಿ ಉಳಿಯುವುದಿಲ್ಲ, ಬಾಡಿದ ಮುಖದವರ ಮೇಲೆ ಹಾಕಿದ ದಂಡವಾಗುತ್ತದೆ. ಇನ್ನೊಂದು ಗಮನಿಸು. ಇದ್ದುದರಲ್ಲಿ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಪೌಲನಂಥವನಿಗೂ ಅದು ಹುಟ್ಟಿನಿಂದ ಬರಲಿಲ್ಲ. ನಿನಗೆ ಇನ್ನೂ ಇಪ್ಪತ್ತೆರಡು, ಅವಸರವೇನು?

ಕೀರ್ತನೆಗಳನ್ನು ತೆಗೆದುಕೋ. 150ರಲ್ಲಿ ಮೂರನೇ ಒಂದು ಪಾಲಿನಷ್ಟು ಗೋಳಿನ ಹಾಡುಗಳು. 13ನೆಯದರಲ್ಲಿ ದಾವೀದನು, ನನ್ನನ್ನು ಮರೆತೇಬಿಟ್ಟೆಯಾ ಎಂದು ದೇವರನ್ನೇ ಕೇಳುತ್ತಾನೆ. ಅಂಥವು ಹೆಚ್ಚಾಗಿ ಕೊನೆಗೊಮ್ಮೆ ಭರವಸೆಯ ಕಡೆ ತಿರುಗುತ್ತವೆ, ಆದರೆ 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದು ಭಕ್ತಿಗೆ ಒಪ್ಪುವುದಿಲ್ಲ ಎಂದು ಯಾರಾದರೂ ಅದನ್ನು ತೆಗೆದುಬಿಡಬಹುದಿತ್ತು. ಇಷ್ಟು ತಲೆಮಾರುಗಳಲ್ಲಿ ಯಾರೂ ತೆಗೆಯಲಿಲ್ಲ. ಆ ಹುಡುಗನ ತಾಯಿಯಂಥವರು ಬಂದಾಗ ಅವರ ಬಾಯಿಗೊಂದು ಪ್ರಾರ್ಥನೆ ಇರಲಿ ಅಂತ ಉಳಿಸಿಕೊಂಡರು ಎಂದು ನನ್ನ ಭಾವನೆ. ದೇವರ ಹತ್ತಿರ ದೂರು ಹೇಳುವವನು ದೇವರ ಹತ್ತಿರವೇ ಇದ್ದಾನೆ ಮಾರಾಯ್ತಿ.

ಹಾಗೆಂದು ನಿನ್ನನ್ನು ಅಲ್ಲೇ ಬಿಟ್ಟು ಪತ್ರ ಮುಗಿಸಿದರೆ ನಾನು ಎಂಥ ಅಜ್ಜ? ಸಂತೋಷವನ್ನು ಬಾ ಎಂದು ಕರೆದರೆ ಬರುವುದಿಲ್ಲ. ಆದರೆ ಸ್ತೋತ್ರ ಸಲ್ಲಿಸುವುದು ನಮ್ಮ ಕೈಯಲ್ಲಿದೆ, ಯಾಕೆಂದರೆ ಅದು ಕೆಲಸ. ಮನಸ್ಸು ಹೇಗೇ ಇರಲಿ, ಕಾಲು ಎದ್ದು ಹೋಗಿ ಮಾಡಬಹುದಾದ ಕೆಲಸ. ಸಂಡೇ ಸ್ಕೂಲಿನಲ್ಲಿ ನೀನು ಬಾಯಿಪಾಠ ಮಾಡಿದ ಹತ್ತು ಮಂದಿ ಕುಷ್ಠರೋಗಿಗಳ ಕಥೆ ನೆನಪಿದೆಯಲ್ಲ. ಯಾಜಕರಿಗೆ ಮೈ ತೋರಿಸಿ ಎಂದು ಯೇಸು ಹೇಳಿದ, ಹತ್ತೂ ಮಂದಿ ಹೊರಟರು, ದಾರಿಯಲ್ಲೇ ಗುಣವಾಯಿತು. ಒಂಬತ್ತು ಮಂದಿಯನ್ನು ನಾವು ಕೃತಘ್ನರೆಂದು ಬೈಯುತ್ತೇವೆ, ನಿಜ ನೋಡಿದರೆ ಅವರು ಯೇಸು ಹೇಳಿದ ಮಾತನ್ನೇ ಪಾಲಿಸುತ್ತಿದ್ದರು. ಅವರ ಗುಣವನ್ನು ಯೇಸು ವಾಪಸ್ ಕಿತ್ತುಕೊಳ್ಳಲೂ ಇಲ್ಲ. ಉಳಿದವನೊಬ್ಬ, ಅವನೂ ಯೆಹೂದ್ಯರು ಮನೆಗೆ ಸೇರಿಸದ ಸಮಾರ್ಯದವನು, ಬಂದ ದಾರಿಯನ್ನು ಮತ್ತೆ ನಡೆದ. ಯಾರೂ ಹೇಳದ, ಲೆಕ್ಕಕ್ಕೆ ಬಾರದ ಆ ಹೆಚ್ಚಿನ ನಡಿಗೆ ಇದೆಯಲ್ಲ, ನನಗೆ ಕೃತಜ್ಞತೆ ಎಂದರೆ ಅದು. ಯೇಸುವಿನ ಮುಖವನ್ನು ಹತ್ತಿರದಿಂದ ಮತ್ತೊಮ್ಮೆ ನೋಡಿದವನು ಅವನೊಬ್ಬನೇ.

ನಿನ್ನ ವಾರ್ಡಿನಲ್ಲಿ ಆ ನಡಿಗೆಗೆ ಬೇಕಾದಷ್ಟು ಜಾಗ ಇದೆ. ನೆಲ ಒರೆಸುವ ಆಯಾ, ರಾತ್ರಿ ಮೂರು ಗಂಟೆಗೆ ರಕ್ತದ ಬಾಟಲಿ ತಂದುಕೊಡುವ ವಾರ್ಡ್‌ಬಾಯ್, ಗೇಟಿನ ವಾಚ್‌ಮನ್. ಅವರ ಹೆಸರು ತಿಳಿದುಕೋ, ಹೆಸರು ಹಿಡಿದು ಥ್ಯಾಂಕ್ಸ್ ಹೇಳು. ಕೃತಜ್ಞತೆಯ ಡೈರಿ ಇಡುವುದು ಈಗ ಫ್ಯಾಷನ್ ಆಗಿದೆ ಎಂದು ಕೇಳಿದ್ದೇನೆ. ಬೇಡ ಅನ್ನುವುದಿಲ್ಲ. ಬರೆಯುವುದಾದರೆ ಸಿಕ್ಕಿದ ವಸ್ತುಗಳ ಪಟ್ಟಿ ಬರೆಯಬೇಡ, ಕೊಟ್ಟವರ ಹೆಸರು ಬರೆ. ಹೆಸರುಗಳು ರಾತ್ರಿಯ ಪ್ರಾರ್ಥನೆಗೂ ಒದಗುತ್ತವೆ.

ಇಲ್ಲಿ ಎರಡು ಗುಂಡಿಗಳಿವೆ, ಕಾಲಿಡಬೇಡ. ಮೊದಲನೆಯದು: ದೇವಾಲಯದಲ್ಲಿ ನಿಂತ ಫರಿಸಾಯನ ಪ್ರಾರ್ಥನೆಯೂ ಸ್ತೋತ್ರದಿಂದಲೇ ಶುರುವಾಗುತ್ತದೆ. ತಾನು ಬೇರೆಯವರ ಹಾಗೆ ಇಲ್ಲವಲ್ಲ ಎಂದು ಅವನ ಸ್ತೋತ್ರ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಈ ಪ್ರಾರ್ಥನೆ ಬಾಯಿಗೆ ಬಹಳ ಸುಲಭವಾಗಿ ಬರುತ್ತದೆ: 'ಸದ್ಯ, ಅವರ ಸ್ಥಿತಿ ನನಗೆ ಬರಲಿಲ್ಲವಲ್ಲ ದೇವರೇ'. ಇನ್ನೊಬ್ಬರ ಮಂಚದ ಬದಿಯಲ್ಲಿ ನಿಂತು ನಮ್ಮ ಭಾಗ್ಯ ಎಣಿಸಬಾರದು. ಫೋನಿನಲ್ಲಿ ಹೊಸ ಕಾರಿನ ಫೋಟೊ ಹಾಕಿ ಕೆಳಗೆ ದೇವರ ಆಶೀರ್ವಾದ ಎಂದು ಬರೆಯುವವರನ್ನು ಕಂಡಾಗಲೂ ನನಗೆ ಆ ಫರಿಸಾಯನೇ ನೆನಪಾಗುತ್ತಾನೆ. ಮುದುಕನ ಕೊಂಕು ಅಂದುಕೋ.

ಎರಡನೆಯದು ನಿನಗೆ ಇನ್ನೂ ಹತ್ತಿರದ್ದು. ಮೂರು ಜನರ ಕೆಲಸವನ್ನು ನಿಮ್ಮಿಬ್ಬರ ತಲೆಗೆ ಕಟ್ಟಿದ್ದಾರೆ, ಕೇಳಿದರೆ ಕೆಲಸ ಸಿಕ್ಕಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿ ಅನ್ನುತ್ತಾರೆ ಎಂದು ಬರೆದಿದ್ದೀ. ವಿಮೋಚನಕಾಂಡದಲ್ಲಿ ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸಿ, ಇಟ್ಟಿಗೆ ಮಾತ್ರ ಮೊದಲಿನಷ್ಟೇ ಆಗಬೇಕು ಅಂದ. ದೇವರು ಇಸ್ರಾಯೇಲ್ಯರಿಗೆ ಇಟ್ಟಿಗೆ ಕೆಲಸವಾದರೂ ಇದೆಯಲ್ಲ ಎಂದು ಸಮಾಧಾನ ಹೇಳಿದನೇ? ಅವರ ನರಳಾಟ ಕೇಳಿ ಬಿಡಿಸಲು ಬಂದ. ನ್ಯಾಯ ಕೇಳುವುದಕ್ಕೂ ಕೃತಜ್ಞತೆಗೂ ಜಗಳವಿಲ್ಲ. ಎಲ್ಲರೂ ಸೇರಿ ಬರವಣಿಗೆಯಲ್ಲಿ ಕೊಡಿ, ಮರ್ಯಾದೆಯಿಂದ ಕೊಡಿ, ಆದರೆ ಕೊಡಿ.

ಇನ್ನು ನಮ್ಮ ಸಭೆಯ ಬೆಳೆ ಹಬ್ಬದ ಮಾತು. ಕೊಯ್ಲಿಗೆ ಸ್ತೋತ್ರ ಹೇಳುವುದನ್ನು ಈ ಕರಾವಳಿಗೆ ಯಾರೂ ಹಡಗಿನಲ್ಲಿ ತರಬೇಕಾಗಿರಲಿಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು, ಅವರ ನಾಡಿನಲ್ಲೂ ಕೊಯ್ಲಿನ ಸ್ತೋತ್ರಾರಾಧನೆ ಇತ್ತು, ಸರಿ. ಆದರೆ ಇಲ್ಲಿ ನಮ್ಮ ನೆರೆಮನೆಯವರು ಮನೆಗೆ ಕದಿರು ಕಟ್ಟಿ, ಹೊಸ ಅಕ್ಕಿಯ ಊಟ ಮಾಡಿ, ಹಿರಿಯರ ಕಾಲಿಗೆ ಬೀಳುತ್ತಾರೆ. ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ತೆನೆ ಆಶೀರ್ವದಿಸಿ ಮನೆಗೊಯ್ದು ಹೊಸತು ಉಣ್ಣುತ್ತಾರೆ, ಮಕ್ಕಳು ಮರಿಯಮ್ಮನವರಿಗೆ ಹೂ ಎರಚುತ್ತಾರೆ. ಬೆಳೆದದ್ದನ್ನು ಬಾಯಿಗೆ ಹಾಕುವ ಮೊದಲು ತಲೆ ಬಾಗಿಸಬೇಕೆಂದು ಈ ಊರಿನ ಎಲ್ಲರಿಗೂ ಗೊತ್ತು.

ನಮ್ಮ ಹಬ್ಬದ ತಮಾಷೆ ಏಲಂನಲ್ಲಿದೆ. ಆರಾಧನೆ ಮುಗಿದ ಮೇಲೆ ವೇದಿಯ ಮುಂದೆ ಇಟ್ಟ ಬಾಳೆಗೊನೆ, ಬಸಳೆಯ ಕಟ್ಟು, ಕುಂಬಳಕಾಯಿ, ಹರಿವೆ ದಂಟು, ಕಾಲು ಕಟ್ಟಿದ ಊರ ಕೋಳಿ ಎಲ್ಲ ಅಂಗಳಕ್ಕೆ ಬರುತ್ತವೆ. ಮುದುಕಿಯೊಬ್ಬಳು ತಂದ ನಾಲ್ಕು ಮೊಟ್ಟೆಯನ್ನು ಒಬ್ಬರು ನೂರು ರೂಪಾಯಿಗೆ ಹಿಡಿದು 'ಪುನಃ ಕೂಗಿ' ಎಂದು ವಾಪಸ್ ಕೊಡುತ್ತಾರೆ, ಇನ್ನೊಬ್ಬರು ಇನ್ನೂರಕ್ಕೆ ಹಿಡಿದು ಮತ್ತೆ ಕೊಡುತ್ತಾರೆ. ಮೊಟ್ಟೆ ಕೊನೆಗೆ ಯಾರ ಮನೆ ಸೇರುತ್ತದೋ! ಲೆಕ್ಕ ಬಲ್ಲ ಬ್ಯಾಂಕಿನವರೂ ಅಂದು ಲೆಕ್ಕ ತಪ್ಪಿ ನಗುತ್ತಾರೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ ಓದಿದರೆ ಇದರ ಬೇರು ಸಿಗುತ್ತದೆ. ಮೊದಲ ಬೆಳೆಯ ಪುಟ್ಟಿ ಹೊತ್ತು ಬಂದವನು ಮೊದಲು ತನ್ನ ಹಿರಿಯರು ಪರದೇಶದಲ್ಲಿ ಅಲೆದದ್ದು, ದಾಸರಾಗಿ ದುಡಿದದ್ದು, ಬಿಡುಗಡೆಯಾದದ್ದು ಎಲ್ಲ ಬಾಯಿಬಿಟ್ಟು ಹೇಳಬೇಕು. ಹಳೆಯ ಕಷ್ಟವನ್ನು ಮುಚ್ಚಿಡುವ ಹಾಗಿಲ್ಲ. ಆಮೇಲೆ ಹೊಲವಿಲ್ಲದ ಲೇವಿಯನನ್ನೂ ಪರದೇಶಿಯನ್ನೂ ಸೇರಿಸಿಕೊಂಡು ಸಂತೋಷಪಡಬೇಕು. ಒಬ್ಬನೇ ಕೋಣೆಯಲ್ಲಿ ಕೂತು ಪಡುವ ಸಂತೋಷದ ಮಾತು ಅಲ್ಲಿಲ್ಲ.

ಕೊನೆಗೆ ಒಬ್ಬ ಪಾದ್ರಿಯ ವಿಷಯ. ಜರ್ಮನಿಯ ಸಾಕ್ಸನಿಯಲ್ಲಿ ಐಲೆನ್‌ಬುರ್ಗ್ ಎಂಬ ಕೋಟೆ ಊರಿನಲ್ಲಿ ಮಾರ್ಟಿನ್ ರಿಂಕಾರ್ಟ್ ಸಭಾಪಾಲಕನಾಗಿದ್ದ. ಮೂವತ್ತು ವರ್ಷಗಳ ಯುದ್ಧದ ಕಾಲ. ಸುತ್ತಲ ಹಳ್ಳಿಯವರೆಲ್ಲ ಕೋಟೆಯೊಳಗೆ ಬಂದು ತುಂಬಿಕೊಂಡರು, 1637ರಲ್ಲಿ ಪ್ಲೇಗು ಬಡಿಯಿತು. ಊರಲ್ಲಿ ಉಳಿದ ಪಾದ್ರಿ ಅವನೊಬ್ಬನೇ. ಆ ಒಂದು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಶವಗಳ ಮುಂದೆ ನಿಂತು ಪ್ರಾರ್ಥಿಸಿದ, ಅದರಲ್ಲಿ ಒಂದು ಅವನ ಹೆಂಡತಿಯದು. ಹಿಂದೆಯೇ ಬರಗಾಲ ಬಂತು, ಇದ್ದಬದ್ದದ್ದನ್ನು ಹಸಿದವರಿಗೆ ಹಂಚಿದ. ಸ್ವೀಡನ್ನಿನ ಸೇನೆ ಊರಿನಿಂದ ದಂಡ ಕೇಳಿದಾಗ ಸೇನಾಧಿಪತಿಯ ಹತ್ತಿರ ಹೋಗಿ ಬೇಡಿ, ಚೌಕಾಸಿ ಮಾಡಿ ಕಡಿಮೆ ಮಾಡಿಸಿದ. ಜರ್ಮನ್ ಸಭೆಗಳು ಇಂದಿಗೂ ಹಾಡುವ ಒಂದು ದೊಡ್ಡ ಸ್ತೋತ್ರಗೀತೆ ಇವನದೇ. ಅವನು ಅದನ್ನು ಬರೆದದ್ದು ಊಟದ ಹೊತ್ತಿನ ಪ್ರಾರ್ಥನೆಯಾಗಿ, ತನ್ನ ಮನೆಯ ಮಕ್ಕಳಿಗೆ. ಆ ಮನೆಯಲ್ಲಿ ಮೇಜಿನ ಮೇಲೆ ಏನು ತಾನೇ ಇದ್ದೀತು? ಅವನು ಶವಸಂಸ್ಕಾರ ಮುಗಿಸಿ ಬಂದು ಮುಖದಲ್ಲಿ ನಗು ಅಂಟಿಸಿಕೊಂಡು ಕೂತಿದ್ದನೆಂದು ನಾನು ನಂಬುವುದಿಲ್ಲ. ಕೈ ತೊಳೆದು, ಮಕ್ಕಳನ್ನು ಕೂರಿಸಿ, ಸ್ತೋತ್ರ ಹೇಳಿ, ರೊಟ್ಟಿ ಮುರಿದಿದ್ದಾನು. ಮರುದಿನ ಮತ್ತೆ ಸ್ಮಶಾನಕ್ಕೆ ಹೋದ.

ನೀನೂ ಹಾಗೆ ಮಾಡು. ಕ್ಯಾಂಟೀನಿನ ತಣ್ಣಗಿನ ಉಪ್ಪಿಟ್ಟಾದರೂ ಕಣ್ಣು ಮುಚ್ಚಿ ಒಂದು ಮಾತು ಹೇಳಿ ತಿನ್ನು. ಆ ಹುಡುಗನ ಹೆಸರನ್ನು ಅದರಲ್ಲಿ ಸೇರಿಸು, ಅವನ ತಾಯಿಯದನ್ನೂ. ಮುಂದಿನ ಕೂಟದಲ್ಲಿ ಚಪ್ಪಾಳೆ ಬಂದರೆ ತಟ್ಟು, ಬಾರದಿದ್ದರೆ ಸುಮ್ಮನೆ ಕೂತುಕೋ. ದೇವರಿಗೆ ಎರಡೂ ಅರ್ಥವಾಗುತ್ತದೆ. ವೇದಿಕೆಯ ಮೇಲಿದ್ದವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ, ಅವರಿಗೂ ಪ್ರಾಯ ಇಪ್ಪತ್ತೈದೋ ಏನೋ.

ಡ್ಯೂಟಿ ಚಾರ್ಟ್ ಬಂದ ಕೂಡಲೇ ತಿಳಿಸು. ಬೆಳೆ ಹಬ್ಬಕ್ಕೆ ರಜೆ ಸಿಗದಿದ್ದರೆ ನಿನ್ನ ಹೆಸರಿನಲ್ಲಿ ಏಲಂನಲ್ಲಿ ಏನು ಹಿಡಿಯಲಿ, ಎಷ್ಟರವರೆಗೆ ಕೂಗಲಿ, ಬರೆ. ಕಳೆದ ಸಲ ಮುನ್ನೂರು ದಾಟಬೇಡಿ ಅಂದಿದ್ದೆ, ಪಕ್ಕದ ಮನೆಯವರು ಮುನ್ನೂರ ಹತ್ತಕ್ಕೆ ಕುಂಬಳಕಾಯಿ ಹಾರಿಸಿಕೊಂಡು ಹೋದರು. ಈ ಸಲ ಅಜ್ಜನ ಕೈ ಕಟ್ಟಬೇಡ.

ನಿನ್ನ ಪ್ರೀತಿಯ
ಅಜ್ಜ